ನಕ್ಷೆಯ ಬಿಳಿ ಜಾಗ

ಮಾರ್ಚ್ ೩, ಸೋಮವಾರ

ಸಭೆಯ ದಿನ ಗೊತ್ತಾಯಿತು. ಏಪ್ರಿಲ್ ಎರಡರಂದು ನಿರ್ದೇಶಕರೆಲ್ಲ ಸೇರಿ ಕಂಪನಿಯ ಮುಂದಿನ ಹತ್ತು ವರ್ಷಗಳ ಯೋಜನೆಗೆ ಸಹಿ ಹಾಕುತ್ತಾರೆ. ಹಳೆಯ ಮಾದರಿಯ ವಾಟರ್ ಹೀಟರುಗಳನ್ನು ನಿಲ್ಲಿಸಿ, ಉಪ್ಪಿನ ಹೀಟರಿಗಾಗಿ ಹೊಸ ಕಾರ್ಖಾನೆ ಕಟ್ಟುವುದೆಂದು ಬಹುಮಟ್ಟಿಗೆ ತೀರ್ಮಾನಿಸಲಾಗಿದೆ.

ಈ ಯೋಜನೆ ಹುಟ್ಟಿದ್ದು ನನ್ನ ನಕ್ಷೆಯಿಂದ. ಖುಷಿಯಾಗಬೇಕಿತ್ತು. ಆದರೆ ಬೆಳಗ್ಗಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ. ಶಾಲೆಯಲ್ಲಿದ್ದಾಗ ಫಲಿತಾಂಶದ ಹಿಂದಿನ ದಿನ ಹೀಗಾಗುತ್ತಿತ್ತು. ಎಷ್ಟು ಚೆನ್ನಾಗಿ ಬರೆದಿದ್ದರೂ ಆಗುತ್ತಿತ್ತು. ಅದಕ್ಕೇ ಈ ದಿನಚರಿ. ಆ ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಎರಡನೇ ಸಾಲಿಗೇ ವರದಿಯಾಗಿಬಿಡುತ್ತದೆ. ಮನೆಮಾತಿನಲ್ಲಿ ತಡವರಿಸುತ್ತೇನೆ. ತಡವರಿಸುವುದೇ ಒಳ್ಳೆಯದೇನೋ.

ನನ್ನ ಗಂಡನಿಗೆ ಕನ್ನಡಕದ ಅಂಗಡಿ ಇದೆ. ನನ್ನ ಕೆಲಸದ ಬಗ್ಗೆ ಗಿರಾಕಿಗಳಿಗೆ ಅವರು ಹೇಳುವುದು ಹೀಗೆ: "ಊರವರ ಪೇಟೆಂಟೆಲ್ಲ ಕಂಪ್ಯೂಟರ್ ಕೈಲಿ ಓದಿಸ್ತಾಳೆ, ಯಾರೂ ಕೈ ಹಾಕದ ಜಾಗ ಎಲ್ಲಿದೆ ಅಂತ ಕಂಪನಿಗೆ ತೋರಿಸ್ತಾಳೆ. ಒಂಥರಾ ಸೈಟ್ ಬ್ರೋಕರ್." ತಮಾಷೆಗೆ ಹೇಳಿದರೂ ತಪ್ಪಿಲ್ಲ. ಸಾವಿರಾರು ಪೇಟೆಂಟುಗಳ ಬರಹವನ್ನು ಯಂತ್ರ ಓದುತ್ತದೆ. ಯಾವ ಪದಗಳ ಜೊತೆ ಯಾವ ಪದಗಳು ಬರುತ್ತವೆ ಎಂದು ನೋಡುತ್ತದೆ. ಪ್ರತಿ ಪೇಟೆಂಟಿಗೂ ಒಂದು ಚುಕ್ಕಿ ಇಟ್ಟು, ಒಂದೇ ವಿಷಯದವನ್ನು ಹತ್ತಿರ ಹತ್ತಿರ ಕೂರಿಸುತ್ತದೆ. ಚುಕ್ಕಿಗಳು ದಟ್ಟವಾಗಿರುವಲ್ಲಿ ಪೈಪೋಟಿ, ಬಿಳಿಯಾಗಿರುವಲ್ಲಿ ಅವಕಾಶ. ಮೂರು ವರ್ಷದ ಹಿಂದೆ ನಾನು ಮಾಡಿದ ನಕ್ಷೆಯ ನಡುವೆ ಅಂಗೈ ಅಗಲದ ಬಿಳಿ ಜಾಗವಿತ್ತು. ಕರಗಿದ ಉಪ್ಪಿನಲ್ಲಿ ಶಾಖವನ್ನು ಹಿಡಿದಿಟ್ಟು, ಕರೆಂಟ್ ಹೋದರೂ ದಿನವಿಡೀ ಬಿಸಿನೀರು ಕೊಡುವ ಹೀಟರಿನ ಜಾಗ ಅದು. ಯೋಜನಾ ವಿಭಾಗದ ಮುಖ್ಯಸ್ಥರು ಅದರ ಮೇಲೆ ಬೆರಳಿಟ್ಟು, "ಮೇಡಂ, ಇಲ್ಲಿ ಮನೆ ಕಟ್ಟೋಣ" ಅಂದಿದ್ದರು.

ಮಾರ್ಚ್ ೫, ಬುಧವಾರ

ಮುಖ್ಯಸ್ಥರು ಇವತ್ತು ನನ್ನ ಮೇಜಿನ ಅಂಚಿಗೆ ಒರಗಿ ನಿಂತರು. ಹಾಗೆ ನಿಂತರೆಂದರೆ ಹೊಸ ಕೆಲಸ ಬಂತೆಂದೇ ಅರ್ಥ.

"ನಿಂತ ಚಿತ್ರ ತೋರಿಸಿದ್ರೆ ನಿರ್ದೇಶಕರು ಆಕಳಿಸ್ತಾರೆ ಮೇಡಂ. ನಕ್ಷೆ ಓಡೋ ಹಾಗೆ ಮಾಡಿ. ಇಪ್ಪತ್ತು ವರ್ಷದ ಹಿಂದಿನಿಂದ ಇವತ್ತಿನವರೆಗೆ, ವರ್ಷ ವರ್ಷವೂ ಚುಕ್ಕಿ ಬರ್ತಾ ಹೋಗ್ಬೇಕು. ಸುತ್ತ ಎಲ್ಲ ತುಂಬ್ಕೊಂಡು ನಮ್ಮ ಜಾಗ ಮಾತ್ರ ಬೆಳ್ಳಗೆ ಉಳೀಬೇಕು. ಸಿನಿಮಾ ಥರ!"

ಸರಿ ಅಂದೆ. ಅವರಿಗೆ ಇಲ್ಲ ಅಂದದ್ದು ನೆನಪಿಲ್ಲ.

ಸಂಜೆ ಮನೆಗೆ ಬಂದರೆ ಅತ್ತೆ ಬಚ್ಚಲಲ್ಲಿದ್ದರು. ಮಂಡಿನೋವಿಗೆ ಬಿಸಿನೀರು ಬಿಟ್ಟುಕೊಂಡು ಷವರಿನ ಕೆಳಗೆ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. ಅವರ ತಲೆಯ ಮೇಲೆ, ಗೋಡೆಯಲ್ಲಿ, ನಮ್ಮ ಉಪ್ಪಿನ ಹೀಟರ್. ಕಂಪನಿಯ ಪದ್ಧತಿ ಅದು. ಹೊಸ ಯಂತ್ರದ ಪ್ರಸ್ತಾವಕ್ಕೆ ಯಾರು ಸಹಿ ಹಾಕುತ್ತಾರೋ ಅವರ ಮನೆಯಲ್ಲೇ ಅದು ಮೊದಲು ನೇತಾಡಬೇಕು. ಕಂಪನಿ ಕಟ್ಟಿದ ಹಿರಿಯ ಯಜಮಾನರು ಮಾಡಿದ ನಿಯಮ. ಮೊದಲು ತಯಾರಾದದ್ದು ಮುಖ್ಯಸ್ಥರ ಮನೆಗೆ ಹೋಗಿ ಎರಡೂವರೆ ವರ್ಷವಾಯಿತು. ಆಮೇಲೆ ಉಳಿದವರ ಮನೆಗಳಿಗೆ. ನಾವು ಮನೆ ಬದಲಾಯಿಸುವುದರಲ್ಲಿದ್ದೆವು, ಹಾಗಾಗಿ ನಮಗೆ ಬಂದದ್ದು ಕೊನೆಗೆ, ಕಳೆದ ವರ್ಷ.

ಅತ್ತೆ ಅದಕ್ಕೆ 'ಮನೆಅಳಿಯ' ಎಂದು ಹೆಸರಿಟ್ಟಿದ್ದಾರೆ. "ಊಟ ಕೇಳಲ್ಲ, ತಿಂಡಿ ಕೇಳಲ್ಲ, ಮುಖ ಊದಿಸಿಕೊಳ್ಳಲ್ಲ. ಯಾವಾಗ ಕರೆದ್ರೂ ಬಿಸಿಬಿಸಿ. ಇಂಥ ಅಳಿಯ ಎಷ್ಟು ಜನಕ್ಕೆ ಸಿಗ್ತಾನೆ ಹೇಳು?"

ಮಾರ್ಚ್ ೧೧, ಮಂಗಳವಾರ

ಬರೆಯುವುದಕ್ಕೆ ಕೈ ಬರುತ್ತಿಲ್ಲ. ಆದರೂ ಕ್ರಮವಾಗಿ ಬರೆದರೆ ನನಗೇ ಸ್ಪಷ್ಟವಾದೀತು.

ಪೇಟೆಂಟ್ ಪಡೆದವರು ಅದನ್ನು ಉಳಿಸಿಕೊಳ್ಳಬೇಕಾದರೆ ವರ್ಷ ವರ್ಷವೂ ಶುಲ್ಕ ಕಟ್ಟಬೇಕು. ಕಟ್ಟದೆ ಬಿಟ್ಟರೆ ಅದು ಸತ್ತಂತೆ. ನಕ್ಷೆ ಮಾಡುವಾಗ ನಾವು ಮೊದಲು ಮಾಡುವ ಕೆಲಸವೇ ಸತ್ತವನ್ನು ಗುಡಿಸಿ ಹಾಕುವುದು. ಸತ್ತ ಪೇಟೆಂಟ್ ಯಾರ ದಾರಿಗೂ ಅಡ್ಡ ಬರುವುದಿಲ್ಲ. ಇಟ್ಟುಕೊಂಡರೆ ನಕ್ಷೆಯಲ್ಲಿ ಸುಮ್ಮನೆ ಗಲಾಟೆ. ಹಾಗೆ ಮಾಡಬೇಕೆಂದು ಯಾರೂ ನನಗೆ ಆಜ್ಞೆ ಮಾಡಲಿಲ್ಲ. ನಮ್ಮ ಕೆಲಸದಲ್ಲಿ ಎಲ್ಲರೂ ಮಾಡುವುದು, ನಾನೂ ಮಾಡಿದೆ.

ಓಡುವ ನಕ್ಷೆಗೆ ಅದು ಆಗುವುದಿಲ್ಲ. ಹತ್ತು ವರ್ಷದ ಹಿಂದಿನ ಚಿತ್ರ ಬೇಕೆಂದರೆ ಹತ್ತು ವರ್ಷದ ಹಿಂದೆ ಬದುಕಿದ್ದ ಪೇಟೆಂಟುಗಳೆಲ್ಲ ಬೇಕು. ಎಲ್ಲವನ್ನೂ ವಾಪಸ್ ಸೇರಿಸಿ ಓಡಿಸಿದೆ.

ಬಿಳಿ ಜಾಗದಲ್ಲಿ ಮೊದಲು ಒಂದು ಚುಕ್ಕಿ ಮೂಡಿತು. ಆಮೇಲೆ ಅದರ ಪಕ್ಕ ನಾಲ್ಕೈದು. ಆಮೇಲೆ ಇರುವೆ ಗೂಡಿಗೆ ನೀರು ಹೊಯ್ದ ಹಾಗೆ ಎಲ್ಲೆಲ್ಲೂ. ನಕ್ಷೆಯಲ್ಲಿ ಅಷ್ಟು ದಟ್ಟವಾದ ಜಾಗ ಬೇರೊಂದಿರಲಿಲ್ಲ. ಅಷ್ಟಾದ ಮೇಲೆ ಅವು ಆರತೊಡಗಿದವು. ಅಂಚಿನವು ಮೊದಲು, ನಡುವಿನವು ಕೊನೆಗೆ. ಸುತ್ತಲಿನ ವಿಷಯಗಳೆಲ್ಲ ಬೆಳೆಯುತ್ತಲೇ ಇದ್ದವು. ಅಲ್ಲಿ ಮಾತ್ರ ಒಂದೊಂದೇ ದೀಪ ಆರಿಸಿಕೊಂಡು ಎಲ್ಲರೂ ಮನೆ ಖಾಲಿ ಮಾಡಿದರು. ಕೊನೆಯ ವರ್ಷದ ಹೊತ್ತಿಗೆ ಬೆಳ್ಳಗೆ, ಸ್ವಚ್ಛ. ನನ್ನ ನಕ್ಷೆ.

ಯಾರೂ ಹೋಗದ ಜಾಗ ಎಂದು ಬರೆದುಕೊಟ್ಟಿದ್ದೆ. ಎಲ್ಲರೂ ಹೋಗಿ ಓಡಿಬಂದ ಜಾಗ ಅದು.

ಯಾಕೆ ಓಡಿಬಂದರು? ದುಬಾರಿಯಾಯಿತೇ, ಕೊಳ್ಳುವವರಿರಲಿಲ್ಲವೇ? ಇರಬಹುದು. ಶುಲ್ಕ ಕಟ್ಟದೆ ಬಿಡುವುದಕ್ಕೆ ನೂರು ಕಾರಣ ಇರುತ್ತವೆ. ಕೆಟ್ಟದ್ದೇ ಇರಬೇಕೆಂದು ಯಾಕೆ ಅಂದುಕೊಳ್ಳುತ್ತಿದ್ದೇನೆ?

ಮಾರ್ಚ್ ೧೨, ಬುಧವಾರ

ಅತ್ತೆ ಸ್ನಾನ ಮುಗಿಸುವ ತನಕ ಬಚ್ಚಲ ಬಾಗಿಲ ಹೊರಗೆ ನಿಂತಿದ್ದೆ, ಒಗೆಯುವ ಬಟ್ಟೆ ವಿಂಗಡಿಸುವ ನೆಪದಲ್ಲಿ. ಒಂದೇ ಟವೆಲ್ಲನ್ನು ಮೂರು ಸಲ ಮಡಚಿದೆ.

ಮಾರ್ಚ್ ೧೭, ಸೋಮವಾರ

ಸತ್ತ ಪೇಟೆಂಟುಗಳ ಬರಹವನ್ನು ಮಾತ್ರ ಬೇರೆ ಮಾಡಿ, ಯಾವ ವರ್ಷ ಯಾವ ಪದಗಳು ಹೆಚ್ಚಾದವು ಎಂದು ಯಂತ್ರವನ್ನು ಕೇಳಿದೆ. ಮೊದಲ ವರ್ಷಗಳಲ್ಲಿ ಶಾಖ, ಉಳಿತಾಯ, ದಕ್ಷತೆ. ನಡುವಿನ ವರ್ಷಗಳಲ್ಲಿ ಲೇಪನ, ಒಳಪದರ, ತಡೆ. ಕೊನೆಕೊನೆಗೆ ಬೆಸುಗೆ, ಸವೆತ, ಸೋರಿಕೆ. ಆಮೇಲೆ ಪದಗಳೇ ಇಲ್ಲ. ರೋಗಿಯ ಪಕ್ಕ ಕೂತು ಅವನ ಮಾತು ಬದಲಾಗುವುದನ್ನು ಕೇಳಿಸಿಕೊಂಡ ಹಾಗಿತ್ತು.

ಮುಖ್ಯಸ್ಥರ ಕೋಣೆಗೆ ಹೋದೆ. ಓಡುವ ನಕ್ಷೆ ತೋರಿಸಿದೆ. ಎರಡು ಸಲ ನೋಡಿದರು.

"ಚೆನ್ನಾಗಿದೆ. ಆ ನಡುವಿನ ವರ್ಷಗಳನ್ನ ತೆಗೆದುಬಿಡಿ."

"ಸರ್, ಅಲ್ಲೇ ಇರೋದು ವಿಷಯ. ಉಪ್ಪು ಬೆಸುಗೆಯನ್ನ ತಿನ್ನುತ್ತೆ ಅನ್ಸುತ್ತೆ. ಹೊರಗಿನಿಂದ ಕಾಣಲ್ಲ. ಒಳಗೆ ಕುದಿಯೋ ನೀರು ಒತ್ತಡದಲ್ಲಿರುತ್ತೆ. ಬೆಸುಗೆ ಬಿಟ್ಟರೆ ಕೆಳಗಿದ್ದವರ ಮೇಲೆ..."

"ಅನ್ಸುತ್ತೆ." ಅವರು ಕುರ್ಚಿಗೆ ಒರಗಿದರು. "ಮೇಡಂ, ಅವರ ಉಪ್ಪೇ ಬೇರೆ, ನಮ್ಮ ಉಪ್ಪೇ ಬೇರೆ. ನಮ್ಮದರಲ್ಲಿ ಸವೆತ ತಡೆಯೋ ಮದ್ದು ಸೇರಿದೆ. ಅವರ ಕಾಲಕ್ಕೆ ಮಾರುಕಟ್ಟೆ ಇರಲಿಲ್ಲ, ಬಿಟ್ಟರು. ನಮ್ಮನೇಲಿ ಎರಡೂವರೆ ವರ್ಷದಿಂದ ಅದರ ಕೆಳಗೇ ನಾನು ಸ್ನಾನ ಮಾಡ್ತಿದ್ದೀನಿ. ಬೆಂದಿದ್ದೀನಾ? ನೋಡಿ."

ಎರಡೂ ಕೈ ಚಾಚಿ ತೋರಿಸಿದರು. ನಾನು ಮೂರ್ಖಳ ಹಾಗೆ ಆ ಕೈಗಳನ್ನು ನಿಜವಾಗಿಯೂ ನೋಡಿದೆ.

ಅವರು ಹೇಳಿದ್ದು ಸರಿಯಿರಬಹುದು. ಪದಗಳ ಎಣಿಕೆಯಿಂದ ಲೋಹದ ಬಗ್ಗೆ ತೀರ್ಪು ಕೊಡುವುದು ಅತಿಯಲ್ಲವೇ? ಆದರೆ ಅದೇ ಎಣಿಕೆಯಿಂದಲ್ಲವೇ ಕಾರ್ಖಾನೆ ಕಟ್ಟಲು ಹೊರಟದ್ದು. ಆಗ ಯಾರಿಗೂ ಅತಿ ಅನ್ನಿಸಲಿಲ್ಲ, ನನಗೂ.

ಮಾರ್ಚ್ ೧೮, ಮಂಗಳವಾರ

ಏನೂ ಮಾಡಲಿಲ್ಲ. ಮಾಡದೆ ಇದ್ದುದಕ್ಕೆ ಸಂಜೆಯ ಹೊತ್ತಿಗೆ ಮೈ ಕೈ ನೋವು.

ಮಾರ್ಚ್ ೨೧, ಶುಕ್ರವಾರ

ಗುರುತಿಲ್ಲದವರಿಗೆ ಫೋನ್ ಮಾಡುವುದೆಂದರೆ ನನಗೆ ಆಗದು. ಗ್ಯಾಸ್ ಏಜೆನ್ಸಿಗೂ ಗಂಡನ ಕೈಲೇ ಮಾಡಿಸುತ್ತೇನೆ. ಆದರೆ ಹಳೆಯ ಪೇಟೆಂಟಿನವರೊಬ್ಬರಿಗೆ ಕಳಿಸಿದ ಈಮೇಲಿಗೆ ಎರಡು ದಿನದಿಂದ ಉತ್ತರ ಬಂದಿರಲಿಲ್ಲ. ಊಟದ ವಿರಾಮದಲ್ಲಿ ಆಫೀಸಿನ ಮೆಟ್ಟಿಲಲ್ಲಿ ಕೂತು ನಂಬರ್ ಒತ್ತಿದೆ.

ಆರಿಹೋದ ಚುಕ್ಕಿಗಳಲ್ಲಿ ಹಲವಕ್ಕೆ ಒಬ್ಬರೇ ಸಂಶೋಧಕಿಯ ಹೆಸರಿತ್ತು. ರಸಾಯನಶಾಸ್ತ್ರದವರು. ಅವರಿದ್ದ ಕಂಪನಿ ಈಗಿಲ್ಲ. ಅವರು ಕಾಲೇಜೊಂದರಲ್ಲಿ ಪಾಠ ಮಾಡುತ್ತಾರೆ.

"ವಕೀಲರಾ?" ಅದು ಅವರ ಮೊದಲ ಮಾತು.

"ಅಲ್ಲ ಮೇಡಂ."

"ಪತ್ರಿಕೆಯವರಾ?"

"ಅಲ್ಲ. ಹೀಟರ್ ಕಂಪನಿ. ನಿಮ್ಮ ಪೇಟೆಂಟುಗಳನ್ನ ಓದಿದೆ... ನಿಜ ಹೇಳ್ಬೇಕಂದ್ರೆ ನಮ್ಮ ಕಂಪ್ಯೂಟರ್ ಓದಿತು."

"ಪಾಪ ಕಂಪ್ಯೂಟರ್." ನಕ್ಕರು. "ನಮ್ಮ ವಿದ್ಯಾರ್ಥಿಗಳಂತೂ ಓದಲ್ಲ. ಹೇಳಿ, ಏನು ಬೇಕು?"

"ಎಲ್ಲವನ್ನೂ ಒಂದೇ ವರ್ಷದಲ್ಲಿ ಯಾಕೆ ಬಿಟ್ಟುಬಿಟ್ಟಿರಿ?"

ಆ ಕಡೆ ಯಾರೋ ಬೋರ್ಡ್ ಒರೆಸುತ್ತಿದ್ದ ಸದ್ದು ಕೇಳುತ್ತಿತ್ತು.

"ಅದನ್ನ ನಾನು ಹೇಳೋ ಹಾಗಿಲ್ಲಮ್ಮ. ಕೆಲಸ ಬಿಡುವಾಗ ಬರೆಸ್ಕೊಂಡಿದ್ದಾರೆ. ಕಂಪನಿ ಹೋಯ್ತು, ನಾನು ಕೊಟ್ಟ ಮಾತು ಹೋಗಿಲ್ಲ. ಕ್ಷಮಿಸಿ."

ಕಾಗದ ನೋಡಿ ಓದಲೆಂದು ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿದ್ದೆ. ಒಂದೂ ನೆನಪಾಗಲಿಲ್ಲ. "ನಮ್ಮನೇಲಿ ಒಂದಿದೆ ಮೇಡಂ" ಅಂದುಬಿಟ್ಟೆ.

"ಏನಿದೆ?"

"ಉಪ್ಪಿನ ಹೀಟರ್. ಬಚ್ಚಲಲ್ಲಿ. ನಮ್ಮತ್ತೆ ಅದರ ಕೆಳಗೆ ಸ್ಟೂಲ್ ಹಾಕ್ಕೊಂಡು ಕೂರ್ತಾರೆ, ಮಂಡಿನೋವಿಗೆ."

ತುಂಬ ಹೊತ್ತು ಮಾತಿಲ್ಲ. ಫೋನ್ ಕಟ್ಟಾಯಿತೇನೋ ಎಂದು ತೆಗೆದು ನೋಡಿದೆ. ಕಟ್ಟಾಗಿರಲಿಲ್ಲ.

"ಇವತ್ತಿನಿಂದ ಅವರನ್ನ ಅಲ್ಲಿ ಕೂರಿಸ್ಬೇಡಿ" ಅಂದರು. "ಇದು ನಾನು ಹೇಳಿದ್ದಲ್ಲ. ಒಬ್ಬ ಸೊಸೆಗೆ ಇನ್ನೊಬ್ಬ ಸೊಸೆ ಹೇಳಿದ್ದು." ಇಟ್ಟುಬಿಟ್ಟರು.



ಮಾರ್ಚ್ ೨೨, ಶನಿವಾರ

ನಿನ್ನೆ ಸಂಜೆ ಹೀಟರ್ ಕೆಟ್ಟಿದೆ ಎಂದು ಸುಳ್ಳು ಹೇಳಿದ್ದೆ. ಇವತ್ತು ಬೆಳಗ್ಗೆ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ನಲ್ಲಿ ತಿರುಗಿಸಿ ನೋಡ್ದೆ. ಹೊಗೆಯಾಡೋ ನೀರು ಬಂತು. ಅಳಿಯನ ಮೇಲೆ ನಿನಗೇನೇ ಸಿಟ್ಟು?"

ಹೇಳಿದೆ, ಇಬ್ಬರಿಗೂ. ಬಿಳಿ ಜಾಗ, ಸತ್ತ ಚುಕ್ಕಿಗಳು, ಬೆಸುಗೆ, ಫೋನು, ಎಲ್ಲವನ್ನೂ. ಅತ್ತೆ ಹೋಗಿ ಬಚ್ಚಲಿನಿಂದ ಸ್ಟೂಲನ್ನು ಎತ್ತಿ ತಂದು ಅಡುಗೆಮನೆಯಲ್ಲಿಟ್ಟರು. ಗಂಡ ಕನ್ನಡಕ ತೆಗೆದು ಒರೆಸತೊಡಗಿದರು. ಯೋಚನೆ ಬಂದಾಗಲೆಲ್ಲ ಹಾಗೆ ಮಾಡುತ್ತಾರೆ.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನಗೆ ಭಯ ಯಾವುದರದ್ದು? ಯಾರಿಗೋ ಸುಡುತ್ತೆ ಅಂತಲಾ, ನಿನ್ನ ನಕ್ಷೆ ತಪ್ಪು ಅಂತ ಎಲ್ರಿಗೂ ಗೊತ್ತಾಗುತ್ತೆ ಅಂತಲಾ?"

"ಎರಡೂ."

"ಯಾವುದು ಜಾಸ್ತಿ?"

"ನಿನ್ನೆವರೆಗೆ ಎರಡನೇದು" ಅಂದೆ.

ಅತ್ತೆ ಒಳಗಿನಿಂದಲೇ, "ಅವಳನ್ನ ಗಿರಾಕಿ ಥರ ಕೂರಿಸಿ ಪರೀಕ್ಷೆ ಮಾಡ್ಬೇಡ್ವೋ. ಮೊದಲು ಪ್ಲಂಬರ್‌ಗೆ ಹೇಳು" ಅಂದರು.

ಗಂಡ ನಂಬರ್ ಹುಡುಕುವಷ್ಟರಲ್ಲಿ ನಾನೇ ಫೋನ್ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಅವನು ಬಂದು ಬಿಚ್ಚಿ ಇಳಿಸಿದ. ಗೋಡೆಯ ಮೇಲೆ ನಾಲ್ಕು ತೂತುಗಳು ಉಳಿದಿವೆ.

ಮಾರ್ಚ್ ೨೬, ಬುಧವಾರ

ಪರೀಕ್ಷಾ ವಿಭಾಗದ ಇಂಜಿನಿಯರರಿಗೆ ಇಡೀ ಆಫೀಸಿನಲ್ಲಿ 'ಇನ್ನೊಮ್ಮೆ' ಎಂದೇ ಹೆಸರು. ಏನು ತೋರಿಸಿದರೂ "ಇನ್ನೊಮ್ಮೆ ನೋಡೋಣ" ಅನ್ನುತ್ತಾರೆ. ನಮ್ಮ ಮನೆಯ ಹೀಟರನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಿ ಅವರ ಮುಂದಿಟ್ಟೆ. ಕೊಯ್ಯಿರಿ ಅಂದೆ. ಸುದ್ದಿ ಹೇಗೆ ಹೋಯಿತೋ, ಮುಖ್ಯಸ್ಥರೂ ಬಂದು ನಿಂತರು.

ಗರಗಸ ನಿಂತಾಗ ನನ್ನ ಕಿವಿಯಲ್ಲಿ ಇನ್ನೂ ಅದೇ ಸದ್ದು. ಇನ್ನೊಮ್ಮೆಯವರು ಟ್ಯಾಂಕಿನ ಎರಡು ಹೋಳುಗಳನ್ನು ದೀಪದ ಕೆಳಗೆ ಹಿಡಿದರು. ಒಳಗಿನ ಬೆಸುಗೆ ಹೊಸ ಚಮಚದ ಹಾಗೆ ಹೊಳೆಯುತ್ತಿತ್ತು. ಒಂದು ಕಲೆಯಿಲ್ಲ, ಒಂದು ಗೀರಿಲ್ಲ.

"ಆಯ್ತಾ ಮೇಡಂ?" ಅಂದರು ಮುಖ್ಯಸ್ಥರು. ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಅದೇ ಹೆಚ್ಚು ಚುಚ್ಚಿತು.

"ಇದು ಎಂಟು ತಿಂಗಳಿನದು" ಅಂದರು ಇನ್ನೊಮ್ಮೆಯವರು, ಟ್ಯಾಂಕಿನಿಂದ ಕಣ್ಣೆತ್ತದೆ. "ಹಳೇದೊಂದನ್ನ ಇನ್ನೊಮ್ಮೆ ನೋಡ್ಬೇಕು. ಎಲ್ಲಕ್ಕಿಂತ ಹಳೇದು ನಿಮ್ಮನೇಲಿದೆ ಸರ್."

"ಚೆನ್ನಾಗಿ ನಡೀತಿರೋದನ್ನ ಯಾಕ್ರೀ ಕೊಯ್ಯಲಿ? ನಾಳೆ ನನ್ನ ತಲೇನೂ ಕೊಯ್ದು ನೋಡೋಣ ಅಂತೀರಾ?"

ಎಲ್ಲರೂ ನಕ್ಕರು. ನಾನೂ ನಕ್ಕೆನೋ ಏನೋ. ಹೊಳೆಯುವ ಆ ಬೆಸುಗೆಯನ್ನು ನೋಡಿ ಒಂದು ಕ್ಷಣ ಹಗುರವಾದೆ. ನಾನು ಸುಮ್ಮನೆ ಹೆದರಿದವಳು, ಅಷ್ಟೆ. ನಕ್ಷೆ ಸರಿ, ಹೀಟರ್ ಸರಿ. ಮನೆಗೆ ಬರುವಾಗ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಆ ಮೌನ ಮತ್ತೆ ಕೇಳಿಸಿತು, ಫೋನಿನ ಆ ಕಡೆಯದು. ಮಾರುಕಟ್ಟೆ ಇರಲಿಲ್ಲ ಅನ್ನುವುದಾದರೆ ಯಾರೂ ಅಷ್ಟು ಹೊತ್ತು ಸುಮ್ಮನಿರುವುದಿಲ್ಲ.

ಮಾರ್ಚ್ ೨೮, ಶುಕ್ರವಾರ

ಮುಖ್ಯಸ್ಥರು ಇವತ್ತು ಬಾಗಿಲು ಹಾಕಿಕೊಂಡು ಮಾತಾಡಿದರು. ಬೈಯಲಿಲ್ಲ. ಹನ್ನೆರಡು ವರ್ಷ ನನಗೆ ಕೆಲಸ ಕಲಿಸಿದವರು, ಬೈಯುವುದು ಅವರಿಗೆ ಗೊತ್ತಿಲ್ಲ.

"ನಿಮ್ಮ ನಕ್ಷೆ ನಂಬಿ ನಾನು ಮೂರು ವರ್ಷದಿಂದ ಎಲ್ಲರ ಹತ್ರ ವಾದ ಮಾಡಿದ್ದೀನಿ. ಈಗ ನೀವೇ ಎದ್ದು ನಿಂತು ಅದು ತಪ್ಪು ಅಂದ್ರೆ, ಇನ್ನು ಮುಂದೆ ನಮ್ಮ ವಿಭಾಗ ಏನು ಹೇಳಿದ್ರೂ ಯಾರು ಕೇಳ್ತಾರೆ? ನಿಮ್ಮ ಹತ್ರ ಇರೋದು ಏನು? ಒಂದಿಷ್ಟು ಪದ, ಒಂದು ಫೋನು. ಕೊಯ್ದು ನೋಡಿದ್ದು ನನ್ನ ಪರವಾಗಿದೆ."

ಅವರ ಪ್ರತಿ ಮಾತೂ ಸರಿಯಾಗಿತ್ತು.

"ಆ ನಡುವಿನ ವರ್ಷಗಳನ್ನ ತೆಗೆದುಬಿಡಿ" ಅಂದರು. "ನಾನು ಕೇಳ್ತಿರೋದು ಅಷ್ಟೇ. ಸುಳ್ಳು ಹೇಳಿ ಅಂತಿಲ್ಲ."

ತೆಗೆದೆ. ಬರೀ ಹತ್ತು ನಿಮಿಷದ ಕೆಲಸ. ಓಡಿಸಿ ನೋಡಿದೆ: ಸುತ್ತಲೂ ತುಂಬುತ್ತದೆ, ನಡುವೆ ಬೆಳ್ಳಗೆ ಉಳಿಯುತ್ತದೆ. ತುಂಬ ಚೆಂದ ಕಾಣುತ್ತದೆ.

ಮಾರ್ಚ್ ೩೧, ಸೋಮವಾರ

ಎಲ್ಲಿ ನೋಡಿದರೂ ತಲೆಯ ಮೇಲಿರುವುದೇ ಕಣ್ಣಿಗೆ ಬೀಳುತ್ತದೆ. ಅಂಗಡಿಯ ಫಲಕ, ಲಿಫ್ಟಿನ ಸೂರು, ಬಸ್ ನಿಲ್ದಾಣದ ಹೆಂಚು. ಯಾರೋ ಲೆಕ್ಕ ಹಾಕಿ, ಇನ್ಯಾರೋ ಸಹಿ ಹಾಕಿ ಇಟ್ಟದ್ದು. ಅದರ ಕೆಳಗೆ ಜನ ಹರಟೆ ಹೊಡೆಯುತ್ತ ನಿಂತಿರುತ್ತಾರೆ.

ಅತ್ತೆ ಈಗ ಒಲೆಯ ಮೇಲೆ ನೀರು ಕಾಯಿಸಿಕೊಂಡು, ಅಡುಗೆಮನೆಯಲ್ಲೇ ಕೂತು ಮಂಡಿಗೆ ಶಾಖ ಕೊಟ್ಟುಕೊಳ್ಳುತ್ತಾರೆ. "ಅಳಿಯ ಹೋದ, ಸೊಸೆ ಉಳಿದಳು. ಅಷ್ಟೇ ನಮ್ಮ ಹಣೇಬರಹ" ಎಂದು ನನ್ನನ್ನು ನಗಿಸಲು ನೋಡಿದರು.

ಏಪ್ರಿಲ್ ೨, ಬುಧವಾರ

ಆಗಿಹೋಯಿತು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಉದ್ದ ಮೇಜು, ನಿರ್ದೇಶಕರು, ತುದಿಯಲ್ಲಿ ಹಿರಿಯ ಯಜಮಾನರು. ಅವರಿಗೆ ಈಗ ಕಿವಿ ಮಂದ, ಕೈ ನಡುಗುತ್ತದೆ. ಮುಖ್ಯಸ್ಥರು ಸೊಗಸಾಗಿ ಮಾತಾಡಿದರು. ಕೊನೆಗೆ ನನ್ನ ಕಡೆ ತಿರುಗಿ, "ಈಗ ನಕ್ಷೆ ನೋಡೋಣ" ಅಂದರು.

ನನ್ನ ಬಳಿ ಎರಡು ಪ್ರತಿಗಳಿದ್ದವು. ಯಾವುದನ್ನು ತೆರೆಯಬೇಕೆಂದು ಅಲ್ಲಿಯವರೆಗೆ ತೀರ್ಮಾನಿಸಿರಲಿಲ್ಲ. ಮೊದಲ ಸಲ ಬೇರೇನೋ ತೆರೆದುಕೊಂಡಿತು, ಹೀಟರ್ ಹಾಕಿಸುವಾಗ ಮಾಡಿದ್ದ ನಮ್ಮ ಬಚ್ಚಲ ಅಳತೆಯ ಚಿತ್ರ. ಅದನ್ನು ಮುಚ್ಚಿ ಪೂರ್ತಿ ನಕ್ಷೆಯನ್ನು ತೆರೆದೆ.

ಚುಕ್ಕಿಗಳು ಬಂದವು, ತುಂಬಿದವು, ಆರಿದವು. ಕೋಣೆಯಲ್ಲಿ ಯಾರೂ ಆಕಳಿಸಲಿಲ್ಲ.

"ಈ ಜಾಗ ಖಾಲಿ ಅಂತ ನಾನು ಬರೆದುಕೊಟ್ಟೆ" ಅಂದೆ. "ಸತ್ತ ಪೇಟೆಂಟುಗಳನ್ನ ನಾನೇ ತೆಗೆದುಹಾಕಿದ್ದೆ, ಅದಕ್ಕೇ ಖಾಲಿ ಕಾಣಿಸ್ತು. ಇಲ್ಲಿಗೆ ಹೋದವರೆಲ್ಲ ವಾಪಸ್ ಬಂದಿದ್ದಾರೆ. ಯಾಕೆ ಅಂತ ನನಗೆ ಗೊತ್ತಿಲ್ಲ. ಅನುಮಾನ ಇದೆ, ಸಾಕ್ಷಿ ಇಲ್ಲ. ನಮ್ಮ ಮನೆಯದನ್ನ ಕೊಯ್ದು ನೋಡಿದ್ವಿ, ಚೆನ್ನಾಗೇ ಇತ್ತು. ಗೊತ್ತಾಗೋ ತನಕ ಕಾರ್ಖಾನೆ ಕಟ್ಟಬೇಡಿ."

"ಚೆನ್ನಾಗೇ ಇತ್ತು ಅಂತ ಅವರೇ ಹೇಳ್ತಿದ್ದಾರೆ" ಅಂದರು ಮುಖ್ಯಸ್ಥರು.

ಹಿರಿಯ ಯಜಮಾನರು ಕಿವಿಗೆ ಕೈ ಆನಿಸಿ ಮುಂದೆ ಬಾಗಿದರು. "ಏನಮ್ಮಾ, ಚೆನ್ನಾಗಿದ್ದದ್ದನ್ನ ಮತ್ತೆ ನಿಮ್ಮನೆ ಗೋಡೆಗೆ ಹಾಕಿಸ್ಕೊಳ್ತೀಯಾ? ಹೊಸದನ್ನೇ ಕೊಡಿಸ್ತೀನಿ."

"ಇಲ್ಲ ಸರ್."

ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಹೇಳಿದೆ. ಕೂಗಿದ ಹಾಗೇ ಆಯಿತು.

ಯೋಜನೆಯನ್ನು ಆರು ತಿಂಗಳು ಮುಂದಕ್ಕೆ ಹಾಕಿದರು. ರದ್ದಾಗಲಿಲ್ಲ. ಮನೆಮನೆಗಳಲ್ಲಿರುವ ಹೀಟರುಗಳನ್ನು ಇಳಿಸಿ ಪರೀಕ್ಷೆಗೆ ತರಬೇಕು, ಆ ಕೆಲಸ ನನ್ನದೇ. ಹೊರಗೆ ಬರುವಾಗ ಮುಖ್ಯಸ್ಥರು ನನಗಾಗಿ ಬಾಗಿಲು ಹಿಡಿದು ನಿಂತಿದ್ದರು, ಯಾವಾಗಲೂ ಹಿಡಿಯುವ ಹಾಗೆ. ಮುಖ ಮಾತ್ರ ನೋಡಲಿಲ್ಲ.

ಏಪ್ರಿಲ್ ೪, ಶುಕ್ರವಾರ

ಎಲ್ಲರಿಗೂ ಫೋನ್ ಮಾಡಿದೆ. ಒಬ್ಬರ ಹೆಂಡತಿ ಬೈದರು, ಒಬ್ಬರು ಹೊಸ ಹೀಟರ್ ಯಾವಾಗ ಕೊಡ್ತೀರಿ ಎಂದು ಕೇಳಿದರು, ಒಬ್ಬರು ನಕ್ಕರು. ಎಲ್ಲರೂ ಇಳಿಸಿದರು. ಮುಖ್ಯಸ್ಥರೊಬ್ಬರೇ ಬಾಕಿ. ಅವರು ಸಭೆಯ ಮರುದಿನದಿಂದ ರಜೆಯಲ್ಲಿದ್ದಾರೆ, ಫೋನ್ ಎತ್ತುತ್ತಿಲ್ಲ.

ಇನ್ನೊಮ್ಮೆಯವರು ಸಂಜೆ ಬಂದು, ಉಳಿದ ಮನೆಗಳಿಂದ ಬಂದ ಎರಡನ್ನು ಕೊಯ್ದೆ ಅಂದರು. ಒಂದು ವರ್ಷದ್ದು ಚೆನ್ನಾಗಿದೆಯಂತೆ. ಒಂದೂಮುಕ್ಕಾಲು ವರ್ಷದ್ದರಲ್ಲಿ ಬೆಸುಗೆಯ ಹೊಳಪು ಹೋಗಿದೆಯಂತೆ. "ಹೊಳಪು ಮಾತ್ರ" ಅಂದರು. ಇನ್ನೊಮ್ಮೆ ನೋಡೋಣ ಅನ್ನಲಿಲ್ಲ.

ಏಪ್ರಿಲ್ ೫, ಶನಿವಾರ

ಬೆಳಗ್ಗೆಯೇ ಮುಖ್ಯಸ್ಥರ ಮನೆಗೆ ಹೋದೆ. ಅವರ ತಾಯಿ ಬಾಗಿಲು ತೆರೆದರು.

"ಆಫೀಸಿನವಳಾ? ಬಾಮ್ಮ, ಕೂತ್ಕೋ. ಸ್ನಾನಕ್ಕೆ ಹೋಗಿದ್ದಾನೆ. ಒಳಗೆ ಸೇರಿದ ಅಂದ್ರೆ ಬರೋದೇ ಇಲ್ಲ, ಚಿಕ್ಕವನಿದ್ದಾಗಿನಿಂದ ಹಾಗೇ. ರಜೆ ಹಾಕಿದ್ದಾನೆ, ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಏನಾದ್ರೂ ಗೊತ್ತಾ ನಿನಗೆ?"

ಗೊತ್ತು ಅನ್ನಲಾಗಲಿಲ್ಲ. ಕೂತೆ. ಗೋಡೆಯ ಆ ಕಡೆ ನೀರು ಬೀಳುತ್ತಿತ್ತು. ಅದರ ನಡುವೆ ಟಿಕ್ ಎಂಬ ಸದ್ದು, ಲೋಹ ಕಾಯುವಾಗ ಬರುವಂಥದು. ಎಲ್ಲ ಹೀಟರುಗಳೂ ಆ ಸದ್ದು ಮಾಡುತ್ತವೆ. ಅದು ನನಗೆ ಚೆನ್ನಾಗಿ ಗೊತ್ತು. ಮತ್ತೊಮ್ಮೆ ಟಿಕ್ ಅಂತು.

ಎದ್ದು ಹೋಗಿ ಬಾಗಿಲು ಬಡಿದೆ. ಎರಡೂ ಕೈಯಿಂದ ಬಡಿದೆ. "ಸರ್, ಹೊರಗೆ ಬನ್ನಿ! ನಲ್ಲಿ ನಿಲ್ಲಿಸಿ, ಹೊರಗೆ ಬನ್ನಿ! ಈಗ್ಲೇ!"

ನೀರು ನಿಂತಿತು. ಚಿಲಕ ತೆಗೆದ ಸದ್ದು. ಟವೆಲ್ ಸುತ್ತಿಕೊಂಡು, ತಲೆ ತುಂಬ ನೊರೆ, ಒಂದು ಕಣ್ಣು ಮುಚ್ಚಿಕೊಂಡು ನಿಂತಿದ್ದರು.

"ನಿಮಗೇನು ತಲೆ ಕೆಟ್ಟಿದೆಯೇನ್ರೀ? ಮನೆಗೆ ಬಂದು ಬಚ್ಚಲ ಬಾಗಿಲು ಬಡಿಯೋದಾ?"

"ಸ್ವಲ್ಪ ಪಕ್ಕಕ್ಕೆ ಸರೀರಿ ಸರ್" ಅಂದು ಒಳಗೆ ಹೋದೆ. ಬಕೆಟ್ ಬೋರಲು ಹಾಕಿ ಹತ್ತಿ ನಿಂತು, ಮೊಬೈಲಿನ ಬೆಳಕನ್ನು ಹೀಟರಿನ ತಳಕ್ಕೆ ಬಿಟ್ಟೆ. ಕೆಳಗಿನ ಬೆಸುಗೆಯ ಉದ್ದಕ್ಕೂ ಬಿಳಿಯ ಗೆರೆ. ಸೋಪಿರಬೇಕೆಂದು ಉಗುರಿನಿಂದ ಕೆರೆದೆ. ಗಟ್ಟಿಯಾಗಿತ್ತು. ಒಂದು ಚಕ್ಕೆ ಎದ್ದು ಅಂಗೈಗೆ ಬಿತ್ತು. ಟ್ಯಾಂಕಿನೊಳಗೆ ಮುಚ್ಚಿಟ್ಟಿದ್ದ ಉಪ್ಪು ದಾರಿ ಮಾಡಿಕೊಂಡು ಹೊರಗೆ ಬಂದಿತ್ತು.

ಇಳಿದು ಅಂಗೈ ಚಾಚಿದೆ. ಅವರು ತೆರೆದಿದ್ದ ಒಂದೇ ಕಣ್ಣಿನಿಂದ ಅದನ್ನು ನೋಡಿದರು. ಆಮೇಲೆ ತಲೆಯೆತ್ತಿ ಹೀಟರನ್ನು ನೋಡಿದರು. ಅದರ ಕೆಳಗೆ ಇನ್ನೂ ಹಬೆಯಾಡುತ್ತಿದ್ದ ನೆಲವನ್ನು ನೋಡಿದರು. ಒದ್ದೆ ಕಾಲಲ್ಲೇ ನಡುಮನೆಗೆ ಹೋಗಿ, ಮೇನ್ ಸ್ವಿಚ್ ಆಫ್ ಮಾಡಿ, ಅಲ್ಲೇ ಗೋಡೆಗೆ ಕೈಯೂರಿ ನಿಂತರು.

"ಬೆಳಗ್ಗೆ ಅಮ್ಮ ಸ್ನಾನ ಮಾಡಿದ್ಳು" ಅಂದರು. ನನಗೆ ಹೇಳಿದ್ದೋ ಅವರಿಗೇ ಹೇಳಿಕೊಂಡದ್ದೋ.

"ಏನೋ ಅದು, ತಲೆ ತುಂಬ ಸೋಪು ಇಟ್ಕೊಂಡು ಗೋಡೆ ಜೊತೆ ಮಾತಾಡ್ತಾ ನಿಂತಿದ್ದೀಯಾ? ನೆಲ ಎಲ್ಲ ಒದ್ದೆ!" ತಾಯಿ ಅಡುಗೆಮನೆಯಿಂದ ಬಂದು ಕೂಗಿದರು. "ತಲೆ ತೊಳ್ಕೊಳ್ಳೋ, ಕಣ್ಣಿಗೆ ಹೋಗುತ್ತೆ!"

ಬೆಳಗ್ಗಿನ ನೀರು ಮೈ ಕೊರೆಯುವಷ್ಟು ತಣ್ಣಗಿತ್ತು. ಕೇಳದೇ ಅಡುಗೆಮನೆಗೆ ಹೋದೆ. ದೊಡ್ಡ ಪಾತ್ರೆ ಹುಡುಕಿ, ನೀರು ತುಂಬಿ, ಒಲೆ ಹಚ್ಚಿದೆ. ತಾಯಿ ಪಕ್ಕದಲ್ಲಿ ನಿಂತು, ಆ ಹೀಟರಿಗೆ ಏನಾಯಿತು, ಯಾವಾಗ ಸರಿಯಾಗುತ್ತದೆ ಎಂದು ಕೇಳುತ್ತಲೇ ಇದ್ದರು. ಇನ್ನು ಅದನ್ನು ಹಾಕುವುದಿಲ್ಲ ಅಂದೆ. ಯಾಕೆ ಅಂದರು. ಹೇಳುತ್ತೇನೆ, ಮೊದಲು ನೀರು ಕಾಯಲಿ ಅಂದೆ.

ಕಾದ ನೀರನ್ನು ಬಕೆಟ್ಟಿಗೆ ಸುರಿದು ತಣ್ಣೀರು ಬೆರೆಸಿದೆ. ಬೆರಳಿಟ್ಟು ನೋಡಿದೆ. ಇನ್ನೊಂದು ಚೊಂಬು ತಣ್ಣೀರು ಸುರಿದು ಮತ್ತೆ ನೋಡಿದೆ.

"ಮೇಡಂ, ಕಣ್ಣು ಉರೀತಿದೆ" ಎಂದು ಬಚ್ಚಲ ಬಾಗಿಲ ಹೊರಗಿನಿಂದ ಕೇಳಿಸಿತು.

ಮೂರನೇ ಸಲ ಕೈಯನ್ನು ಮಣಿಕಟ್ಟಿನ ತನಕ ಅದ್ದಿ ನೋಡಿದೆ. ಆಮೇಲೆ ಬಕೆಟ್ಟನ್ನು ಬಾಗಿಲ ಬಳಿ ಇಟ್ಟು, "ತಗೊಳ್ಳಿ ಸರ್, ಸುಡಲ್ಲ" ಅಂದೆ.